ಮನೆಗೆ ಬಂದವರಿಗೆ ಬೇರೆ ವೈಫೈ: ಗೆಸ್ಟ್ ನೆಟ್‌ವರ್ಕ್ ಹಾಕುವುದು, ಅದು ನಿಜಕ್ಕೂ ಬೇರೆಯಾಗಿದೆಯೇ ಎಂದು ನೋಡುವುದು

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನೋಡಲು ವಿಜಯಪುರಕ್ಕೆ ಬಂದ ಬೀಗರಿರಲಿ, ಬನದ ಹುಣ್ಣಿಮೆಗೆ ಬನಶಂಕರಿ ತೇರಿಗೆಂದು ಬಾದಾಮಿಯಲ್ಲಿ ಇಳಿದುಕೊಂಡ ನೆಂಟರಿರಲಿ, ಬೆಳಗಾವಿಯಲ್ಲಿ ಮೇಲಿನ ಮಹಡಿಯ ಬಾಡಿಗೆ ಹುಡುಗರಿರಲಿ, ಚಹಾ ಬರುವ ಮೊದಲೇ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಇಲ್ಲ ಅನ್ನಲಿಕ್ಕೆ ಬರುವುದಿಲ್ಲ, ಅನ್ನಬೇಕಾಗಿಯೂ ಇಲ್ಲ. ಆದರೆ ಮನೆಯವರು ಬಳಸುವ ಪಾಸ್‌ವರ್ಡನ್ನೇ ಕೊಟ್ಟರೆ ಇಂಟರ್ನೆಟ್ಟಿನ ಜೊತೆಗೆ ಸಿಸಿಟಿವಿ ರೆಕಾರ್ಡರ್, ಪ್ರಿಂಟರ್, ಅಂಗಡಿ ಲೆಕ್ಕವಿರುವ ಕಂಪ್ಯೂಟರಿನ ಶೇರ್ ಫೋಲ್ಡರ್, ರೌಟರಿನ ಲಾಗಿನ್ ಪುಟ, ಇವೆಲ್ಲಕ್ಕೂ ದಾರಿ ಬಿಟ್ಟಂತಾಗುತ್ತದೆ. ಬಂದವರು ಕೆಟ್ಟವರೆಂದಲ್ಲ. ತಮ್ಮ ಫೋನಿನೊಳಗೆ ಯಾವ ಆ್ಯಪ್ ಏನು ಮಾಡುತ್ತಿದೆ ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ.

ಗೆಸ್ಟ್ ನೆಟ್‌ವರ್ಕ್ ಹಾಕುವುದು ಹತ್ತು ನಿಮಿಷದ ಕೆಲಸ. ಅದು ಮನೆಯ ನೆಟ್‌ವರ್ಕಿನಿಂದ ನಿಜವಾಗಿ ಬೇರ್ಪಟ್ಟಿದೆಯೇ ಎಂದು ಪರೀಕ್ಷಿಸಲು ಇನ್ನೊಂದು ಅರ್ಧ ಗಂಟೆ ಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಫೋನಿನಲ್ಲಿ ಎರಡನೇ ಹೆಸರು ಕಂಡಿತೆಂದರೆ ಎರಡನೇ ನೆಟ್‌ವರ್ಕ್ ಸಿದ್ಧವಾಯಿತೆಂದು ತಿಳಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಬರೀ ಎರಡನೇ ಹೆಸರೇ ಆಗಿರುತ್ತದೆ.

ಮೊದಲು ಡಬ್ಬಿಗಳನ್ನು ನೋಡಿ

ಫೈಬರ್ ತಂತಿ ಬಂದು ಸೇರುವ ಡಬ್ಬಿ ಒಎನ್‌ಟಿ. ಹೆಚ್ಚಿನ ಮನೆಗಳಲ್ಲಿ ಇಂಟರ್ನೆಟ್ ಕಂಪನಿ ಕೊಟ್ಟ ಈ ಒಂದೇ ಡಬ್ಬಿ ಇರುತ್ತದೆ, ವೈಫೈ ಕೂಡ ಅದರೊಳಗೇ ಇರುತ್ತದೆ. ಇನ್ನು ಕೆಲವರು ಅದಕ್ಕೆ ತಮ್ಮದೊಂದು ರೌಟರ್ ಜೋಡಿಸಿಕೊಂಡಿರುತ್ತಾರೆ. ಎರಡು ಡಬ್ಬಿ ಇದ್ದರೆ ಒಎನ್‌ಟಿಯಿಂದ ಬಂದ ಕೇಬಲ್ ನಿಮ್ಮ ರೌಟರಿನ ಯಾವ ಪೋರ್ಟಿಗೆ ಹೋಗಿದೆ ಎಂದು ನೋಡಿ. ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ ಕಡೆ) ಅಥವಾ ಇಂಟರ್ನೆಟ್ ಎಂದು ಬರೆದ, ಸಾಮಾನ್ಯವಾಗಿ ಬೇರೆ ಬಣ್ಣದ ಪೋರ್ಟಿಗೆ ಹೋಗಿದ್ದರೆ ನಿಮ್ಮ ರೌಟರ್ ಬಹುತೇಕ ರೌಟರ್ ಮೋಡಿನಲ್ಲಿದೆ, ಅಂದರೆ ತನ್ನದೇ ಬೇರೆ ನೆಟ್‌ವರ್ಕ್ ನಡೆಸುತ್ತಿದೆ. ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಪೋರ್ಟಿಗೆ ಹೋಗಿದ್ದರೆ ಅದು ಬರೀ ಆ್ಯಕ್ಸೆಸ್ ಪಾಯಿಂಟ್ ಆಗಿ, ಅಂದರೆ ಒಎನ್‌ಟಿಯ ನೆಟ್‌ವರ್ಕನ್ನೇ ವೈಫೈಯಲ್ಲಿ ಹರಡುತ್ತ ಕೆಲಸ ಮಾಡುತ್ತಿದೆ. ಈ ವ್ಯತ್ಯಾಸ ಮುಂದೆ ಬಹಳ ಮುಖ್ಯವಾಗುತ್ತದೆ.

ರೌಟರಿನ ವಿಳಾಸ ಅದರ ತಳದ ಚೀಟಿಯಲ್ಲಿರುತ್ತದೆ. 192.168.1.1, 192.168.0.1 ಸಾಮಾನ್ಯ. ಜಿಯೋ ಫೈಬರಿನಲ್ಲಿ 192.168.29.1. ಚೀಟಿ ಅಳಿಸಿದ್ದರೆ ಫೋನಿನ ವೈಫೈ ಸೆಟ್ಟಿಂಗಿನಲ್ಲಿ ಸಂಪರ್ಕಗೊಂಡ ಹೆಸರಿನ ಮೇಲೆ ಒತ್ತಿ. ವಿವರಗಳಲ್ಲಿ ಗೇಟ್‌ವೇ ಅಥವಾ ರೌಟರ್ ಎಂಬ ಸಾಲಿನ ಮುಂದೆ ಇರುವುದೇ ಆ ವಿಳಾಸ. ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ಅದನ್ನು ಹೊಡೆದರೆ ಲಾಗಿನ್ ಪುಟ ತೆರೆಯುತ್ತದೆ. ಬರದಿದ್ದರೆ ಮೊಬೈಲ್ ಡೇಟಾ ಬಂದ್ ಮಾಡಿ ಮತ್ತೆ ನೋಡಿ. ಲ್ಯಾಪ್‌ಟಾಪ್ ಇದ್ದರೆ ಕೇಬಲ್ ಹಾಕಿಯೇ ಲಾಗಿನ್ ಆಗುವುದು ಒಳ್ಳೆಯದು. ವೈಫೈ ಮೂಲಕ ವೈಫೈ ಹೆಸರನ್ನೇ ಬದಲಿಸುತ್ತಿದ್ದರೆ ಸೇವ್ ಒತ್ತಿದ ಕೂಡಲೇ ಸಂಪರ್ಕ ತಪ್ಪುತ್ತದೆ.

ಒಳಗೆ ಹೋದ ಮೇಲೆ ಮೂರು ಕೆಲಸ ಮೊದಲು ಮುಗಿಸಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಚೀಟಿಯಲ್ಲಿರುವುದನ್ನು ಉಳಿಸಿಕೊಳ್ಳಬೇಡಿ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹೊಡೆಯದೆ ಗುಂಡಿ ಅಥವಾ ಪಿನ್ ಮೂಲಕ ವೈಫೈಗೆ ಸೇರುವ ಸೌಲಭ್ಯ) ಬಂದ್ ಮಾಡಿ. ಅದರ 8 ಅಂಕಿಯ ಪಿನ್ ಪದ್ಧತಿಯ ದೋಷ 2011ರಲ್ಲೇ ಬಯಲಾಗಿದೆ. ಫರ್ಮ್‌ವೇರ್ (ರೌಟರಿನೊಳಗಿನ ತಂತ್ರಾಂಶ) ಹೊಸದಿದ್ದರೆ ಹಾಕಿಕೊಳ್ಳಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ರೌಟರ್ ಕೆಟ್ಟು ನಿಲ್ಲಬಹುದು, ಹಾಗಾಗಿ ಇನ್ವರ್ಟರ್ ಮೇಲೆ ಇಟ್ಟು ಮಾಡಿ.

ಹಳೆಯ ಹೆಸರನ್ನು ಗೆಸ್ಟಿಗೆ ಕೊಡಿ

ನಿಮ್ಮ ಈಗಿನ ಪಾಸ್‌ವರ್ಡ್ ಎಷ್ಟು ಫೋನುಗಳಲ್ಲಿ ಉಳಿದಿದೆ ಎಂದು ಯೋಚಿಸಿ. ಎದುರು ಮನೆಯವರು, ಕಳೆದ ವರ್ಷ ಬಂದ ಬೀಗರು, ಟ್ಯೂಷನ್ನಿಗೆ ಬರುವ ಮಕ್ಕಳು, ಫ್ರಿಜ್ ರಿಪೇರಿಯವರು. ಹೊಸ ಗೆಸ್ಟ್ ನೆಟ್‌ವರ್ಕ್ ತೆರೆದರೂ ಈ ಫೋನುಗಳು ತಾವಾಗಿಯೇ ಮನೆಯ ಹಳೆಯ ನೆಟ್‌ವರ್ಕಿಗೇ ಹೋಗಿ ಸೇರುತ್ತವೆ. ಆಗ ಗೆಸ್ಟ್ ಹಾಕಿದ್ದು ವ್ಯರ್ಥ.

ಇದಕ್ಕೆ ಸುಲಭದ ದಾರಿ ಹೀಗಿದೆ. ಮೊದಲು ಮನೆಯ ಮುಖ್ಯ ನೆಟ್‌ವರ್ಕಿಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಕೊಟ್ಟು ಸೇವ್ ಮಾಡಿ. ಆಮೇಲೆ ಗೆಸ್ಟ್ ನೆಟ್‌ವರ್ಕ್ ತೆರೆದು, ಅದಕ್ಕೆ ಹಳೆಯ ಹೆಸರು ಮತ್ತು ಹಳೆಯ ಪಾಸ್‌ವರ್ಡ್ ಕೊಡಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ, ನಡುವಿನ ಖಾಲಿ ಜಾಗ ಎಲ್ಲ ಇದ್ದಂತೆಯೇ ಇರಬೇಕು. ಹೊರಗಿನ ಫೋನುಗಳೆಲ್ಲ ಯಾರನ್ನೂ ಕೇಳದೆ ಗೆಸ್ಟಿಗೆ ಸೇರುತ್ತವೆ. ನೀವು ಬದಲಿಸಬೇಕಾದದ್ದು ಮನೆಯ ಐದಾರು ಸಾಧನಗಳನ್ನು ಮಾತ್ರ. ಅಲ್ಲೊಂದು ಎಚ್ಚರ ಬೇಕು: ಮನೆಯ ಟಿವಿ, ಪ್ರಿಂಟರ್, ವೈಫೈ ಕ್ಯಾಮೆರಾ ಕೂಡ ಹಳೆಯ ಹೆಸರನ್ನೇ ಹುಡುಕಿ ಗೆಸ್ಟಿಗೇ ಹೋಗುತ್ತವೆ. ಒಂದೊಂದನ್ನೂ ಕೈಯಾರೆ ಹೊಸ ಹೆಸರಿಗೆ ಸೇರಿಸಿ, ಅದರಲ್ಲಿ ಹಳೆಯ ಹೆಸರನ್ನು ಅಳಿಸಿ. ಕ್ಯಾಮೆರಾಗಳನ್ನು ಸಾಮಾನ್ಯವಾಗಿ ರೀಸೆಟ್ ಮಾಡಿಯೇ ಮತ್ತೆ ಜೋಡಿಸಬೇಕಾಗುತ್ತದೆ.

ಹಳೆಯ ಪಾಸ್‌ವರ್ಡ್ ನಿಮ್ಮ ಮೊಬೈಲ್ ನಂಬರ್ ಆಗಿದ್ದರೆ ಈ ಉಪಾಯ ಬೇಡ, ಗೆಸ್ಟಿಗೂ ಹೊಸದನ್ನೇ ಕೊಡಿ. 6, 7, 8, 9ರಿಂದ ಶುರುವಾಗುವ ಹತ್ತು ಅಂಕಿಯ ನಂಬರುಗಳು ಒಟ್ಟು 400 ಕೋಟಿ. ಕೇಳಲು ದೊಡ್ಡದೆನಿಸುತ್ತದೆ. ಆದರೆ ಫೋನು ವೈಫೈಗೆ ಸೇರುವಾಗಿನ ಮೊದಲ ಸಂಕೇತಗಳನ್ನು ಹೊರಗೆ ನಿಂತು ಹಿಡಿದವರು, ಆಮೇಲೆ ನಿಮ್ಮ ಮನೆಯ ಹತ್ತಿರ ಸುಳಿಯದೆಯೇ ಪಾಸ್‌ವರ್ಡ್ ಪರೀಕ್ಷಿಸುತ್ತ ಕೂರಬಹುದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಪಾಸ್‌ವರ್ಡ್ ಪರೀಕ್ಷಿಸಬಲ್ಲದು. ಆ ವೇಗಕ್ಕೆ 400 ಕೋಟಿ ಎಂದರೆ ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತು, ಅಷ್ಟೇ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನಡುವೆ ಎರಡು ಅಂಕಿ ಸೇರಿಸಿದರೆ ಹೇಳಲೂ ಸುಲಭ, ಒಡೆಯಲು ಬಲು ಕಷ್ಟ. ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು. ಸೊನ್ನೆ ಮತ್ತು ಓ, ಒಂದು ಮತ್ತು ಎಲ್ ಗೊಂದಲ ಮಾಡುತ್ತವೆ, ತಪ್ಪಿಸಿ.

ಹೆಸರನ್ನು ಕನ್ನಡದಲ್ಲೇ ಇಡಬಹುದು. ಆದರೆ ವೈಫೈ ಹೆಸರಿಗೆ ಇರುವ ಜಾಗ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು; ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ ಮೂರು ಮೂರು ಬೈಟ್ ಬೇಕು. "ಪಾವಣೆರು" ಎಂದರೆ 21 ಬೈಟ್, ಹಿಡಿಸುತ್ತದೆ. "ಅತಿಥಿಗಳ ವೈಫೈ" 34 ಆಗುತ್ತದೆ, ರೌಟರ್ ಒಪ್ಪುವುದಿಲ್ಲ ಅಥವಾ ಕೊನೆ ಕತ್ತರಿಸುತ್ತದೆ. ಕೆಲವು ರೌಟರುಗಳ ಪುಟ ಕನ್ನಡವನ್ನೇ ಸ್ವೀಕರಿಸುವುದಿಲ್ಲ. ಬೆಳಗಾವಿಯಲ್ಲಿ ಮರಾಠಿ ಮಾತ್ರ ಓದುವ ನೆಂಟರೂ ಬರುವುದರಿಂದ ಅಲ್ಲಿ ಇಂಗ್ಲಿಷ್ ಅಕ್ಷರದ ಹೆಸರೇ ಅನುಕೂಲ.

ಗೆಸ್ಟ್ ಪುಟದಲ್ಲಿ ಏನೇನು ಒತ್ತಬೇಕು

ಲಾಗಿನ್ ಆದ ಮೇಲೆ ಗೆಸ್ಟ್ ನೆಟ್‌ವರ್ಕ್ ಎಂಬ ಮೆನು ನೇರವಾಗಿ ಕಾಣಬಹುದು, ಇಲ್ಲವೇ ವೈರ್‌ಲೆಸ್ ಎಂಬುದರೊಳಗೆ ಇರುತ್ತದೆ. ಅಲ್ಲಿ ಮಾಡಬೇಕಾದದ್ದು:

1. 2.4 ಗಿಗಾಹರ್ಟ್ಸ್ ಗೆಸ್ಟನ್ನು ಎನೇಬಲ್ ಮಾಡಿ. 5 ಗಿಗಾಹರ್ಟ್ಸ್ ಗೆಸ್ಟ್ ಪಡಸಾಲೆಯಲ್ಲೇ ರೌಟರ್ ಇದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಬಾಗಲಕೋಟೆ, ವಿಜಯಪುರ ಕಡೆಯ ಹಳೆಯ ಕಲ್ಲಿನ ಗೋಡೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ಒಂದು ಗೋಡೆ ದಾಟುವಷ್ಟರಲ್ಲಿ ಸೋತಿರುತ್ತದೆ.
2. ಸೆಕ್ಯುರಿಟಿ (ವೈಫೈಯಲ್ಲಿ ಹೋಗುವುದನ್ನು ಬೇರೆಯವರು ಓದದಂತೆ ಗೂಢಗೊಳಿಸುವ ಪದ್ಧತಿ): ಡಬ್ಲ್ಯುಪಿಎ2, ಎಇಎಸ್. ಡಬ್ಲ್ಯುಪಿಎ3 ಹೆಚ್ಚು ಗಟ್ಟಿ. ಆದರೆ ಅದು ಬಂದದ್ದು 2018ರಲ್ಲಿ, ಹಳೆಯ ಫೋನುಗಳು ಸೇರಲಾರವು. ಮನೆಯ ನೆಟ್‌ವರ್ಕಿಗೆ ಡಬ್ಲ್ಯುಪಿಎ3 ಅಥವಾ ಎರಡೂ ಬೆರೆತದ್ದನ್ನು ಇಡಿ. ಓಪನ್ (ಪಾಸ್‌ವರ್ಡ್ ಇಲ್ಲದ್ದು) ಎಂಬುದನ್ನು ಗೆಸ್ಟಿಗೂ ಆರಿಸಬೇಡಿ.
3. "ಅಲೋ ಗೆಸ್ಟ್ಸ್ ಟು ಆ್ಯಕ್ಸೆಸ್ ಲೋಕಲ್ ನೆಟ್‌ವರ್ಕ್" ಎಂಬ ಅರ್ಥದ ಸಾಲಿನ ಟಿಕ್ ತೆಗೆಯಿರಿ. ಇದಿದ್ದರೆ ಗೆಸ್ಟ್ ಇದ್ದೂ ಇಲ್ಲದಂತೆ.
4. "ಅಲೋ ಗೆಸ್ಟ್ಸ್ ಟು ಸೀ ಈಚ್ ಅದರ್" ಎಂಬುದನ್ನೂ ತೆಗೆಯಿರಿ. ಬಂದವರ ಫೋನುಗಳು ಒಂದಕ್ಕೊಂದು ಕಾಣುವುದು ಬೇಡ.

ಕೆಲವು ಕಂಪನಿಗಳು ಈ ಸಾಲುಗಳನ್ನು ತಿರುಗಿಸಿ ಬರೆಯುತ್ತವೆ: ಇಂಟ್ರಾನೆಟ್ ಆ್ಯಕ್ಸೆಸ್ ಡಿಸೇಬಲ್, ಗೆಸ್ಟ್ ಐಸೊಲೇಷನ್ ಎನೇಬಲ್ ಎಂಬ ಹಾಗೆ. ಟಿಕ್ ಹಾಕುವುದೋ ತೆಗೆಯುವುದೋ ಎಂಬುದನ್ನು ವಾಕ್ಯ ಪೂರ್ತಿ ಓದಿಯೇ ನಿರ್ಧರಿಸಿ.

ಹೆಸರು ಅಡಗಿಸಿಡುವ ಆಯ್ಕೆಯಿಂದ ಭದ್ರತೆ ಹೆಚ್ಚುವುದಿಲ್ಲ, ಬಂದವರಿಗೆ ತೊಂದರೆ ಮಾತ್ರ. ಮ್ಯಾಕ್ ಫಿಲ್ಟರ್ (ಸಾಧನದ ಗುರುತಿನ ವಿಳಾಸ ನೋಡಿ ಒಳಗೆ ಬಿಡುವುದು) ಕೂಡ ಗೆಸ್ಟಿಗೆ ಕೆಲಸಕ್ಕೆ ಬಾರದು. ಆಂಡ್ರಾಯ್ಡ್ 10 ಮತ್ತು ಐಫೋನಿನ ಐಒಎಸ್ 14ರಿಂದೀಚೆಗೆ ಫೋನುಗಳು ಪ್ರತಿ ವೈಫೈ ಹೆಸರಿಗೂ ಬೇರೆ ಬೇರೆ ಮ್ಯಾಕ್ ವಿಳಾಸ ತೋರಿಸುತ್ತವೆ.

ವೇಗಕ್ಕೆ ಮಿತಿ ಹಾಕುವ ಸೌಲಭ್ಯವಿದ್ದರೆ ಬಳಸಿ. 100 ಎಂಬಿಪಿಎಸ್ ಪ್ಲಾನ್ ಇದ್ದರೆ ಗೆಸ್ಟಿಗೆ ಡೌನ್‌ಲೋಡ್ 30, ಅಪ್‌ಲೋಡ್ 10 ಸಾಕು. ಎಚ್‌ಡಿ ವಿಡಿಯೊ ಒಂದಕ್ಕೆ ಸುಮಾರು 5 ಎಂಬಿಪಿಎಸ್ ಬೇಕು. ಅಪ್‌ಲೋಡ್ ಮಿತಿ ಮರೆಯಬೇಡಿ: ವೈಫೈ ಸಿಕ್ಕ ಕೂಡಲೇ ಬಂದವರ ಫೋನುಗಳು ಮದುವೆ, ತೇರಿನ ಫೋಟೊ, ವಿಡಿಯೊಗಳನ್ನೆಲ್ಲ ಬ್ಯಾಕಪ್‌ಗೆ ಕಳಿಸಲು ಶುರು ಮಾಡುತ್ತವೆ, ಮನೆಯಲ್ಲಿ ವಿಡಿಯೊ ಕಾಲ್ ತಡವರಿಸುವುದು ಆಗಲೇ. ಕೆಲವು ರೌಟರುಗಳಲ್ಲಿ ವೇಗದ ಮಿತಿ ಹಾಕಿದರೆ ಪ್ಯಾಕೆಟ್ ಸಾಗಿಸುವ ಕೆಲಸ ಹಾರ್ಡ್‌ವೇರಿನಿಂದ ಪ್ರೊಸೆಸರಿನ ತಲೆಗೆ ಬೀಳುತ್ತದೆ, ಒಟ್ಟು ವೇಗವೇ ಇಳಿಯುತ್ತದೆ. ಮಿತಿ ಹಾಕಿದ ಮೇಲೆ ಮನೆಯ ನೆಟ್‌ವರ್ಕಿನಲ್ಲೂ ಸ್ಪೀಡ್ ಟೆಸ್ಟ್ ಮಾಡಿ. 300ರ ಪ್ಲಾನ್ 100ರ ಹತ್ತಿರ ನಿಂತರೆ ಕಾರಣ ಇದೇ ಇರಬಹುದು.

"ಎಸ್‌ಎಸ್‌ಐಡಿ 2" ಮಾತ್ರ ಇದ್ದರೆ

ಎಷ್ಟೋ ಒಎನ್‌ಟಿಗಳಲ್ಲಿ ಗೆಸ್ಟ್ ಎಂಬ ಮೆನುವೇ ಇರುವುದಿಲ್ಲ. ಎಸ್‌ಎಸ್‌ಐಡಿ (ಅಂದರೆ ವೈಫೈ ಹೆಸರು) 1, 2, 3, 4 ಎಂಬ ಪಟ್ಟಿ ಇರುತ್ತದೆ. ಎರಡನೆಯದನ್ನು ಎನೇಬಲ್ ಮಾಡಿದರೆ ಹೊಸ ಹೆಸರು ಬರುತ್ತದೆ, ಬೇರೆ ಪಾಸ್‌ವರ್ಡೂ ಇಡಬಹುದು. ಆದರೆ ಹೆಸರು ಎರಡಾದರೂ ಒಳಗೆ ಎರಡೂ ಒಂದೇ ಲ್ಯಾನಿಗೆ ಸೇರಿರುತ್ತವೆ. ಗೆಸ್ಟಿನಲ್ಲಿರುವವರಿಗೆ ನಿಮ್ಮ ಪ್ರಿಂಟರ್ ಕಾಣುತ್ತದೆ.

ಆ ಪುಟದಲ್ಲಿ ಎಪಿ ಐಸೊಲೇಷನ್ ಅಥವಾ ಎಸ್‌ಎಸ್‌ಐಡಿ ಐಸೊಲೇಷನ್ ಹುಡುಕಿ ಎನೇಬಲ್ ಮಾಡಿ. ಅದರ ಮಿತಿಯೂ ಗೊತ್ತಿರಲಿ. ಸಾಮಾನ್ಯವಾಗಿ ಅದು ವೈಫೈಯಲ್ಲಿರುವ ಸಾಧನ ವೈಫೈಯಲ್ಲಿರುವ ಇನ್ನೊಂದನ್ನು ಮುಟ್ಟದಂತೆ ತಡೆಯುತ್ತದೆ. ಕೇಬಲಿನಲ್ಲಿ ಸಿಕ್ಕಿಸಿದ ಸಿಸಿಟಿವಿ ರೆಕಾರ್ಡರ್ ಎಂದಿನಂತೆ ತೆರೆದೇ ಇರುತ್ತದೆ. ಹೆಚ್ಚು ರಕ್ಷಣೆ ಬೇಕಾದದ್ದೇ ಅದಕ್ಕೆ.

ಇಂಥ ಮನೆಗೆ ಒಂದೂವರೆ ಸಾವಿರ ರೂಪಾಯಿ ಆಸುಪಾಸಿನ ಎರಡನೇ ರೌಟರ್ ತರುವುದು ನಮ್ಮ ಸಲಹೆ, ಅದೂ ಮನೆಯವರಿಗಾಗಿ. ಒಎನ್‌ಟಿಯ ವೈಫೈ ಬಂದವರಿಗೆ ಇರಲಿ. ಒಎನ್‌ಟಿಯ ಲ್ಯಾನ್ ಪೋರ್ಟಿನಿಂದ ಹೊಸ ರೌಟರಿನ ವ್ಯಾನ್ ಪೋರ್ಟಿಗೆ ಕೇಬಲ್ ಹಾಕಿ, ಮನೆಯ ಫೋನು, ಕಂಪ್ಯೂಟರು, ರೆಕಾರ್ಡರ್ ಎಲ್ಲವನ್ನೂ ಹೊಸ ರೌಟರಿಗೆ ಸೇರಿಸಿ. ಹೊರಗಿನ ನೆಟ್‌ವರ್ಕಿನಲ್ಲಿ ಇರುವವರು ಒಳಗಿನ ರೌಟರಿನ ಫೈರ್‌ವಾಲ್ ದಾಟಿ ಬರಲಾರರು. ಎರಡೂ ಡಬ್ಬಿಗಳ ವಿಳಾಸ ಒಂದೇ ಆಗಿದ್ದರೆ ಇಂಟರ್ನೆಟ್ ಬರುವುದಿಲ್ಲ. ಆಗ ಹೊಸ ರೌಟರಿನ ಲ್ಯಾನ್ ವಿಳಾಸವನ್ನು 192.168.10.1 ಎಂದು ಬದಲಿಸಿ. ಒಎನ್‌ಟಿಯ ಲಾಗಿನ್ ಪುಟ ಬಂದವರಿಗೆ ತೆರೆಯುತ್ತದೆ, ಹಾಗಾಗಿ ಅದರ ಅಡ್ಮಿನ್ ಪಾಸ್‌ವರ್ಡ್ ಗಟ್ಟಿಯಾಗಿರಲಿ.

ಎರಡು ಡಬ್ಬಿ ಇರುವ ಮನೆಯ ಮೋಸ

ಈಗ ಉಲ್ಟಾ ಜೋಡಣೆ. ಮನೆಯವರೂ ಗೆಸ್ಟೂ ನಿಮ್ಮ ಸ್ವಂತ ರೌಟರಿನಲ್ಲಿದ್ದಾರೆ, ಗೆಸ್ಟ್ ಮೆನುವಿನಲ್ಲಿ ಎಲ್ಲ ಸರಿಯಾಗಿ ಹಾಕಿದ್ದೀರಿ. ಸಿಸಿಟಿವಿ ಹಾಕಿದವರು ರೆಕಾರ್ಡರಿನ ಕೇಬಲ್ ಮಾತ್ರ ಹತ್ತಿರವಿದ್ದ ಒಎನ್‌ಟಿಗೆ ಸಿಕ್ಕಿಸಿ ಹೋಗಿದ್ದಾರೆ. ಗೆಸ್ಟಿನಿಂದ ನಿಮ್ಮ ರೌಟರಿನ 192.168.10 ಸಾಲಿನ ಯಾವ ಸಾಧನವೂ ಕಾಣುವುದಿಲ್ಲ, ಆದರೆ ಒಎನ್‌ಟಿಯ 192.168.1 ಸಾಲಿನ ರೆಕಾರ್ಡರ್ ಕಾಣುತ್ತದೆ! ಕಾರಣ ಇಷ್ಟೇ: ನಿಮ್ಮ ರೌಟರ್ ಗೆಸ್ಟನ್ನು ತಡೆಯುವುದು ತನ್ನ ಸ್ವಂತ ಲ್ಯಾನಿನಿಂದ. ವ್ಯಾನ್ ಪೋರ್ಟಿನ ಆಚೆಗಿರುವುದೆಲ್ಲ ಅದರ ಲೆಕ್ಕಕ್ಕೆ ಇಂಟರ್ನೆಟ್. ಒಎನ್‌ಟಿಯಲ್ಲಿ ಕೂತ ರೆಕಾರ್ಡರೂ ಇಂಟರ್ನೆಟ್ಟಿನ ಯಾವುದೋ ಒಂದು ವಿಳಾಸದಂತೆ ಅದಕ್ಕೆ ತೋರುತ್ತದೆ, ಬಿಟ್ಟುಬಿಡುತ್ತದೆ.

ಪರಿಹಾರ: ರೆಕಾರ್ಡರಿನ ಕೇಬಲನ್ನು ಒಎನ್‌ಟಿಯಿಂದ ಕಿತ್ತು ನಿಮ್ಮ ರೌಟರಿನ ಲ್ಯಾನ್ ಪೋರ್ಟಿಗೆ ಹಾಕಿ. ಕ್ಯೂಆರ್ ಸ್ಕ್ಯಾನ್ ಮಾಡಿ ಫೋನಿನ ಆ್ಯಪಿನಲ್ಲಿ ನೋಡುವ ವ್ಯವಸ್ಥೆ ಇದ್ದರೆ ಸಾಮಾನ್ಯವಾಗಿ ಹಾಗೆಯೇ ನಡೆಯುತ್ತದೆ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ರೆಕಾರ್ಡರಿಗೆ ನೇರ ದಾರಿ) ಮಾಡಿದ್ದರೆ, ಅಥವಾ ರೆಕಾರ್ಡರಿಗೆ ಕೈಯಾರೆ ಐಪಿ ಕೊಟ್ಟಿದ್ದರೆ, ಹೊಸದಾಗಿ ಹಾಕಬೇಕು. ಇನ್ನೊಂದು ದಾರಿ ಒಎನ್‌ಟಿಯನ್ನು ಬ್ರಿಜ್ ಮೋಡಿಗೆ (ರೌಟರ್ ಕೆಲಸ ಬಿಟ್ಟು ಇಂಟರ್ನೆಟ್ ದಾಟಿಸುವುದಷ್ಟೇ ಮಾಡುವ ಹಾಗೆ) ಹಾಕಿಸಿ, ಪಿಪಿಪಿಒಇ (ಲಾಗಿನ್ ಆಗಿ ಇಂಟರ್ನೆಟ್ ಪಡೆಯುವ ಪದ್ಧತಿ) ಬಳಸುವ ಸಂಪರ್ಕವಾದರೆ ಅದರ ಯೂಸರ್‌ನೇಮ್, ಪಾಸ್‌ವರ್ಡನ್ನು ನಿಮ್ಮ ರೌಟರಿನಲ್ಲಿ ಹಾಕುವುದು. ಇದನ್ನು ಕಂಪನಿಯವರನ್ನು ಕೇಳಿಯೇ ಮಾಡಿ, ಲ್ಯಾಂಡ್‌ಲೈನ್ ಫೋನು ಅದೇ ಡಬ್ಬಿಯಲ್ಲಿದ್ದರೆ ಮೊದಲೇ ಹೇಳಿ.

ನಿಮ್ಮ ರೌಟರ್ ಆ್ಯಕ್ಸೆಸ್ ಪಾಯಿಂಟ್ ಮೋಡಿನಲ್ಲಿದ್ದರೆ ಇನ್ನೂ ಎಚ್ಚರ. ಆಗ ದಾರಿ ತೋರಿಸುವ ಕೆಲಸ ಒಎನ್‌ಟಿಯದು. ಗೆಸ್ಟಿನಲ್ಲಿ ಬಂದದ್ದನ್ನು ನಿಮ್ಮ ರೌಟರ್ ಕೇಬಲಿಗೆ ತಳ್ಳುತ್ತದೆ ಅಷ್ಟೇ, ಆಚೆ ಎಲ್ಲ ಒಂದೇ ಲ್ಯಾನ್. ಕೆಲವು ರೌಟರುಗಳು ಈ ಮೋಡಿನಲ್ಲೂ ತಡೆ ಹಾಕುತ್ತವೆ, ಬಹಳಷ್ಟು ಹಾಕುವುದಿಲ್ಲ.

ಪರೀಕ್ಷೆ

ಮೊದಲು ಮನೆಯ ನೆಟ್‌ವರ್ಕಿನಲ್ಲಿ ನಿಂತು ರೌಟರಿನ ಸಾಧನಗಳ ಪಟ್ಟಿಯಿಂದ ರೆಕಾರ್ಡರ್, ಪ್ರಿಂಟರ್‌ಗಳ ಐಪಿ ವಿಳಾಸ ಬರೆದುಕೊಳ್ಳಿ. ಒಎನ್‌ಟಿ, ರೌಟರ್ ಎರಡರ ವಿಳಾಸವೂ ಇರಲಿ. ಒಂದೊಂದನ್ನೂ ಬ್ರೌಸರಿನಲ್ಲಿ ತೆರೆಯಿರಿ. ಇಲ್ಲಿ ತೆರೆದುಕೊಂಡದ್ದನ್ನು ಮಾತ್ರ ಪರೀಕ್ಷೆಗೆ ಇಟ್ಟುಕೊಳ್ಳಿ. ಇಲ್ಲೇ ತೆರೆಯದ ಪುಟ ಗೆಸ್ಟಿನಲ್ಲಿ ತೆರೆಯದಿದ್ದರೆ ಏನೂ ಸಾಬೀತಾಗುವುದಿಲ್ಲ.

ಈಗ ಮೊಬೈಲ್ ಡೇಟಾ ಬಂದ್ ಮಾಡಿ ಗೆಸ್ಟಿಗೆ ಸೇರಿ. ಯಾವುದಾದರೂ ಸುದ್ದಿ ಪುಟ ತೆರೆಯಬೇಕು. ಆಮೇಲೆ ಬರೆದುಕೊಂಡ ವಿಳಾಸಗಳನ್ನು ಬ್ರೌಸರಿನ ಖಾಸಗಿ ವಿಂಡೋದಲ್ಲಿ ಒಂದೊಂದಾಗಿ ಹೊಡೆಯಿರಿ. ಸಾಮಾನ್ಯ ವಿಂಡೋದಲ್ಲಿ ಹಿಂದೆ ತೆರೆದ ಪುಟದ ಪ್ರತಿ ಕಂಡು ಮೋಸ ಹೋಗಬಹುದು. ಯಾವುದೂ ತೆರೆಯಬಾರದು; ಎರಡು ಡಬ್ಬಿ ಇರುವ ಮನೆಯಲ್ಲಿ ಒಎನ್‌ಟಿಯ ಲಾಗಿನ್ ಪುಟವೊಂದು ಮಾತ್ರ ತೆರೆಯಬಹುದು. ಪಿಂಗ್ (ಸಾಧನ ಉತ್ತರ ಕೊಡುತ್ತದೆಯೇ ಎಂದು ಕರೆದು ನೋಡುವ ಪರೀಕ್ಷೆ) ಒಂದನ್ನೇ ನಂಬಬೇಡಿ, ಏಕೆಂದರೆ ವಿಂಡೋಸ್ ಕಂಪ್ಯೂಟರುಗಳ ಫೈರ್‌ವಾಲ್ ತಾನಾಗಿಯೇ ಪಿಂಗ್‌ಗೆ ಉತ್ತರ ಕೊಡದಿರಬಹುದು. ಗೆಸ್ಟಿನ ಐಪಿ ಬೇರೆ ಸಾಲಿನದ್ದಾಗಿದ್ದರೆ ಸಾಕೆಂದೂ ತಿಳಿಯಬೇಡಿ. ಒಂದೇ ಸಾಲಿನ ಐಪಿ ಕೊಟ್ಟೂ ಸರಿಯಾಗಿ ತಡೆಯುವ ರೌಟರುಗಳಿವೆ, ಬೇರೆ ಸಾಲು ಕೊಟ್ಟೂ ತಡೆಯದವು ಇವೆ. ಕೊನೆಗೆ ಎರಡು ಫೋನುಗಳನ್ನು ಗೆಸ್ಟಿಗೆ ಸೇರಿಸಿ, ಫಿಂಗ್‌ನಂಥ ನೆಟ್‌ವರ್ಕ್ ನೋಡುವ ಆ್ಯಪಿನಲ್ಲಿ ಒಂದಕ್ಕೆ ಇನ್ನೊಂದು ಕಾಣುತ್ತದೆಯೇ ನೋಡಿ.

ಗೆಸ್ಟ್ 2.4 ಮತ್ತು 5 ಎರಡರಲ್ಲೂ ಇದ್ದರೆ ಎರಡರಲ್ಲೂ ಪರೀಕ್ಷಿಸಿ. ಮುಂದೆ ಫರ್ಮ್‌ವೇರ್ ಬದಲಾದಾಗ, ಡಬ್ಬಿ ಬದಲಿಸಿದಾಗ, ಕಂಪನಿಯವರು ದೂರದಿಂದಲೇ ಸೆಟ್ಟಿಂಗ್ ಸರಿಮಾಡಿದಾಗ ಮತ್ತೊಮ್ಮೆ ಮಾಡಿ.

ಟಿವಿ, ಪ್ರಿಂಟರ್ ಮತ್ತು ಬಂದವರು

ಬೇರ್ಪಡಿಸಿದ ಮೇಲೆ ಮೊದಲ ದೂರು ಇದೇ: ಅಳಿಯಂದಿರ ಫೋನಿನ ವಿಡಿಯೊ ಟಿವಿಯಲ್ಲಿ ಬರುತ್ತಿಲ್ಲ. ಬರಬಾರದು, ತಡೆ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಅದಕ್ಕಾಗಿ ಮನೆಯ ಪಾಸ್‌ವರ್ಡ್ ಕೊಡಬೇಡಿ. ಫೋಟೊ ಲಿಂಕನ್ನು ಮನೆಯವರ ಫೋನಿಗೆ ತರಿಸಿಕೊಂಡು ತೋರಿಸಿ, ಅಥವಾ ಪೆನ್‌ಡ್ರೈವಿನಲ್ಲಿ ಹಾಕಿ ಟಿವಿಗೆ ಸಿಕ್ಕಿಸಿ. ಪ್ರಿಂಟ್ ಬೇಕಾದವರು ವಾಟ್ಸ್‌ಆ್ಯಪಿನಲ್ಲಿ ಕಳಿಸಲಿ.

ಪಾಸ್‌ವರ್ಡ್ ಹೇಳುವ ಬದಲು ಕ್ಯೂಆರ್ ಮುದ್ರಿಸಿ ಪಡಸಾಲೆಯಲ್ಲಿ ಇಡಿ. ಆಂಡ್ರಾಯ್ಡಿನಲ್ಲಿ ಸಂಪರ್ಕಗೊಂಡ ವೈಫೈ ಹೆಸರೊಳಗೆ ಶೇರ್ ಒತ್ತಿದರೆ ಕ್ಯೂಆರ್ ಬರುತ್ತದೆ. ಒತ್ತುವ ಮುನ್ನ ನಿಮ್ಮ ಫೋನು ಗೆಸ್ಟಿನಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಮನೆಯ ಪಾಸ್‌ವರ್ಡೇ ಗೋಡೆಗೆ ಅಂಟುತ್ತದೆ. ಮಕ್ಕಳಿಗೂ ಹೇಳಿಡಿ: ಸೋರಿಕೆ ಆಗುವುದು ಹೆಚ್ಚಾಗಿ ಅವರ ಫೋನಿನ ಶೇರ್ ಗುಂಡಿಯಿಂದಲೇ.

ಮದುವೆ ಮನೆ, ಕರೆಂಟು, ಬಾಡಿಗೆದಾರರು

ಸಾಮಾನ್ಯ ಮನೆ ರೌಟರಿಗೆ ಒಂದೇ ಹೊತ್ತಿಗೆ 25–30 ಫೋನು ಹೆಚ್ಚೇ ಆಯಿತು. ಅರಿಷಿಣದ ದಿನ ಅದಕ್ಕಿಂತ ಹೆಚ್ಚು ಬಂದರೆ ಮನೆಯವರಿಗೂ ನಿಧಾನವಾಗುತ್ತದೆ, ಏಕೆಂದರೆ ಗೆಸ್ಟೂ ಮನೆಯೂ ಒಂದೇ ಚಾನೆಲ್ ಹಂಚಿಕೊಳ್ಳುತ್ತವೆ. 2.4ರಲ್ಲಿ ಚಾನೆಲ್ 1, 6, 11ರಲ್ಲಿ ಒಂದನ್ನು, ಅಗಲ 20 ಮೆಗಾಹರ್ಟ್ಸ್ ಇಡಿ. ಡಿಎಚ್‌ಸಿಪಿ ಲೀಸ್ (ರೌಟರ್ ಒಂದು ಫೋನಿಗೆ ಐಪಿ ವಿಳಾಸ ಕೊಟ್ಟಿಡುವ ಅವಧಿ) ಬದಲಿಸಲು ಬರುವುದಾದರೆ ಆ ವಾರಕ್ಕೆ 2 ಗಂಟೆಗೆ ಇಳಿಸಿ. 24 ಗಂಟೆ ಇದ್ದರೆ ಬಂದು ಹೋದವರ ಫೋನುಗಳೂ ಐಪಿ ಹಿಡಿದುಕೊಂಡಿರುತ್ತವೆ, ಹೊಸಬರ ಫೋನಿನಲ್ಲಿ "ಐಪಿ ವಿಳಾಸ ಪಡೆಯುತ್ತಿದೆ" ಎಂದು ತಿರುಗುತ್ತಲೇ ಇರುತ್ತದೆ.

ರಾತ್ರಿ ಗೆಸ್ಟ್ ಬಂದ್ ಆಗುವಂತೆ ಸಮಯ ಹಾಕಿದ್ದರೆ ರೌಟರಿನ ಗಡಿಯಾರ ಸರಿ ಇರಬೇಕು. ಹೆಚ್ಚಿನ ರೌಟರುಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ, ಕರೆಂಟ್ ಹೋಗಿ ಬಂದರೆ ಹಳೆಯ ಯಾವುದೋ ತಾರೀಖಿನಿಂದ ಶುರು ಮಾಡುತ್ತವೆ. ಎನ್‌ಟಿಪಿ (ಇಂಟರ್ನೆಟ್ಟಿನಿಂದ ಸಮಯ ಪಡೆಯುವ ಸೌಲಭ್ಯ) ಎನೇಬಲ್ ಮಾಡಿ ಟೈಮ್ ಝೋನ್ 5:30 ಮುಂದಕ್ಕೆ ಇಟ್ಟರೆ ಇಂಟರ್ನೆಟ್ ಬಂದ ಕೂಡಲೇ ಸರಿಹೋಗುತ್ತದೆ. ಮಿನಿ ಯುಪಿಎಸ್ ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿ, ಒಎನ್‌ಟಿ ಮತ್ತು ರೌಟರ್ ಎರಡಕ್ಕೂ ಬೇಕಾದೀತು.

ಬಾಡಿಗೆದಾರರಿಗೆ, ಪಿಜಿ ಹುಡುಗರಿಗೆ ಕಾಯಂ ಕೊಡುವುದಾದರೆ ವಿಷಯ ಬೇರೆ. ಗೆಸ್ಟ್ ನೆಟ್‌ವರ್ಕ್ ನಿಮ್ಮ ಸಾಧನಗಳನ್ನು ಕಾಯುತ್ತದೆ, ನಿಮ್ಮ ಹೆಸರನ್ನಲ್ಲ. ಹೊರಗಿನವರಿಗೆ ಕಾಣುವ ಐಪಿ ವಿಳಾಸ ಒಂದೇ, ಅದು ಸಂಪರ್ಕ ಪಡೆದವರ ಹೆಸರಿನಲ್ಲಿರುತ್ತದೆ. ಆ ಸಂಪರ್ಕದಿಂದ ಏನಾದರೂ ನಡೆದರೆ ಮೊದಲ ವಿಚಾರಣೆ ಅವರದ್ದೇ. ಹಣ ಪಡೆದು ಕೊಡುವುದಿದ್ದರೆ ಮನೆ ಪ್ಲಾನಿನ ಷರತ್ತು ಓದಿ. ಸಾರ್ವಜನಿಕವಾಗಿ ವೈಫೈ ಮಾರಲು 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆ ಇದೆ, ಅದರಲ್ಲಿ ಸಣ್ಣ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಸೇವೆ ಕೊಡಬಹುದು. ಬಾಡಿಗೆದಾರರು ತಮ್ಮ ಹೆಸರಿನಲ್ಲೇ ಬೇರೆ ಸಂಪರ್ಕ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಚೊಕ್ಕ. ಮನೆ ಖಾಲಿ ಮಾಡಿ ಹೋದ ದಿನವೇ ಗೆಸ್ಟ್ ಪಾಸ್‌ವರ್ಡ್ ಬದಲಿಸಿ, ಗೋಡೆಯ ಕ್ಯೂಆರ್ ಕೂಡ ಹೊಸದು ಮುದ್ರಿಸಿ ಹಚ್ಚಿ.